ದಿನಕ್ಕೆ ಹತ್ತು ಅಪರೂಪದ ಇಂಗ್ಲಿಷ್ ಪದ ಕಲಿಯಲು ಯಾವ ಆಪ್ ಒಳ್ಳೆಯದು?

ನಾನೂ ಹೀಗೇ ಕಲಿತವನು. ನೋಟ್‌ಬುಕ್ಕಿನ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಒಂದು ಸಾಲಿನ ಕನ್ನಡ ಅರ್ಥ. ಬಾಯಿಪಾಠ ಮಾಡು, ಪುಟ ತಿರುಗಿಸು.

ಆಗ ಮಡಿಕೇರಿ ಸುತ್ತಮುತ್ತಲಿನ ಹೋಂಸ್ಟೇಗಳಿಗೆ ಇಂಗ್ಲಿಷಿನಲ್ಲಿ ಜಾಹೀರಾತು ಬರೆದುಕೊಡುತ್ತಿದ್ದೆ. ಒಬ್ಬರು ಮಳೆಗಾಲದ ಆಫರ್‌ಗೆ ಬರೆಯಲು ಹೇಳಿದರು. ನನ್ನ ಪಟ್ಟಿಯಲ್ಲಿ ‘ಪೆಟ್ರಿಕೋರ್’ ಇತ್ತು. ಅರ್ಥ: ಮಳೆ ಬಿದ್ದ ಮಣ್ಣಿನ ವಾಸನೆ. ಜುಲೈನಲ್ಲಿ ನಮ್ಮ ತೋಟಕ್ಕೆ ಬನ್ನಿ, ದಿನವಿಡೀ ಪೆಟ್ರಿಕೋರ್ ಸವಿಯಿರಿ ಅಂತ ಬರೆದುಬಿಟ್ಟೆ. ಬಂದ ಅತಿಥಿಗಳಲ್ಲಿ ಒಬ್ಬರು ಮಣ್ಣು ಪರೀಕ್ಷೆಯ ಕೆಲಸದವರು. ಊಟಕ್ಕೆ ಕೂತಾಗ ಮಾಲೀಕರನ್ನೇ ಕೇಳಿದರು: “ಜುಲೈನಲ್ಲಿ ಪೆಟ್ರಿಕೋರ್ ಎಲ್ಲಿಂದ ಬರುತ್ತೆ ಸಾರ್?” ಮುಂದಿನ ಸೀಸನ್ನಿಗೆ ಆ ಕೆಲಸ ಬೇರೆಯವರಿಗೆ ಹೋಯಿತು.

ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ಈ ಪದವನ್ನು 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಬಳಕೆಗೆ ತಂದರು. ಬಿಸಿಲುಗಾಲದಲ್ಲಿ ಗಿಡಗಳ ಎಣ್ಣೆಯಂಶ ಒಣ ಮಣ್ಣು, ಕಲ್ಲಿಗೆ ಹಿಡಿದುಕೊಳ್ಳುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳಿಂದ ಬರುವ ಜಿಯೋಸ್ಮಿನ್ ಎಂಬ ವಾಸನೆಯ ವಸ್ತು ಕೂಡ ಅಲ್ಲಿರುತ್ತದೆ. ಒಣ ನೆಲಕ್ಕೆ ಹನಿ ಬಿದ್ದಾಗ ಸಣ್ಣ ಗುಳ್ಳೆಗಳೆದ್ದು ಒಡೆದು, ಆ ವಾಸನೆ ಗಾಳಿಗೆ ಸೇರುತ್ತದೆ. ಜುಲೈನಲ್ಲಿ ಮಡಿಕೇರಿಯಲ್ಲಿ ಬಟ್ಟೆಯೇ ಒಣಗಲ್ಲ, ಇನ್ನು ನೆಲ ಎಲ್ಲಿ ಒಣಗಬೇಕು? ಇಲ್ಲಿ ಆ ವಾಸನೆ ಏಳುವುದು ಮಾರ್ಚ್, ಏಪ್ರಿಲ್‌ನ ಹೂಮಳೆಗೆ. ಅದು ಬಿದ್ದು ವಾರ, ಹತ್ತು ದಿನಕ್ಕೆ ಕಾಫಿ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಕೊಡಗಿನಲ್ಲೇ ಹುಟ್ಟಿದ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಪಟ್ಟಿಯಲ್ಲಿ ‘ಒಣ’ ಅನ್ನೋ ಮಾತು ಬಿಟ್ಟುಹೋಗಿತ್ತು. ನಾನು ಪಟ್ಟಿಯನ್ನೇ ನಂಬಿದೆ.

ಹಾಗಾಗಿ ದಿನಕ್ಕೆ ಹತ್ತು ಅನ್ನುವ ಲೆಕ್ಕವನ್ನೇ ಬಿಡಿ. ವಾರಕ್ಕೆ ಎರಡು ಪದ ಜಾಸ್ತಿಯೇ ಆಯಿತು. ‘ಸೆರೆಂಡಿಪಿಟಿ’ಗೆ ಸುಮ್ನೆ ‘ಅದೃಷ್ಟ’ ಅಂತ ಬರೆದುಕೊಂಡರೆ ಲಾಟರಿ ಹೊಡೆದದ್ದಕ್ಕೂ ಅದನ್ನೇ ಬಳಸುತ್ತೀರಿ, ಅಲ್ವಾ? 1754ರಲ್ಲಿ ಇಂಗ್ಲಿಷ್ ಲೇಖಕ ಹೊರೇಸ್ ವಾಲ್‌ಪೋಲ್ ಒಂದು ಕಾಗದದಲ್ಲಿ ಈ ಪದ ಕಟ್ಟಿದ್ದು ಸೆರೆಂಡಿಪ್, ಅಂದರೆ ಶ್ರೀಲಂಕಾದ ರಾಜಕುಮಾರರ ಕಥೆಯಿಂದ. ಅವರು ಹುಡುಕದೇ ಇದ್ದದ್ದನ್ನು ಆಕಸ್ಮಿಕವಾಗಿ ಕಂಡುಕೊಳ್ಳುತ್ತಿದ್ದರು, ಜೊತೆಗೆ ತಮ್ಮ ಚುರುಕುಬುದ್ಧಿಯಿಂದಲೂ. ಲಾಟರಿಗೆ ಬುದ್ಧಿ ಬೇಕಿಲ್ಲ.

ಆಪ್ ಯಾವುದಾದರೂ ಸರಿ, ಪ್ರತಿ ಪದಕ್ಕೂ ಮೂರ್ನಾಲ್ಕು ವಾಕ್ಯ ತೋರಿಸುವಂಥದ್ದಿರಲಿ. ಬರೀ ಅರ್ಥ ಕೊಡುವುದಾದರೆ ಇವತ್ತೇ ಫೋನಿನಿಂದ ತೆಗೆದುಹಾಕಿ.