36ರ ಆಟಗಾರನಿಗೆ ಮ್ಯಾಕ್ಸ್ ಕೊಡಬೇಕಾ? ದುಡ್ಡಿಗಿಂತ ಮೊದಲು ವರ್ಷ ನೋಡಿ

ಎಕ್ಸೆಲ್ ಶೀಟಿನಲ್ಲಿ ತಂಡ ನಡೆಸುವ ನಮ್ಮ ಗುಂಪಿನ ಬ್ಯಾಸ್ಕೆಟ್‌ಬಾಲ್ ಲೀಗ್‌ನಲ್ಲಿ ನಿಮ್ಮ ತಂಡದ ಹಳೇ ಹುಲಿಗೆ ಈಗ 36. ಹದಿಮೂರು ವರ್ಷದಿಂದ ನಿಮ್ಮ ಜೊತೆಗೇ ಇದ್ದಾನೆ. ಹೋದ ಸೀಸನ್‌ನಲ್ಲಿ ಅಂಕವೂ ಇಳಿದಿದೆ, ಆಡಿದ ಪಂದ್ಯಗಳೂ ಕಡಿಮೆ. ಅವನಿಗೆ ಮೂರು ವರ್ಷದ ಮ್ಯಾಕ್ಸ್ (ನಿಯಮದ ಪ್ರಕಾರ ಕೊಡಬಹುದಾದ ಗರಿಷ್ಠ ಸಂಬಳ) ಬರೆದುಕೊಡಲಾ ಅಂತ ಕೇಳಿದ್ದೀರಿ. ಅರ್ಧ ಜನ "ಋಣ ತೀರಿಸಿ" ಅಂದಿದ್ದಾರೆ. ಉಳಿದವರು "ಸೆಂಟಿಮೆಂಟ್ ಬಿಡಿ, ಕಳಿಸಿ" ಅಂದಿದ್ದಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ದುಡ್ಡು ಬೇಕಾದರೆ ಕೊಡಿ, ವರ್ಷ ಕೊಡಬೇಡಿ.

ನಾವು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025-26ರ ಕ್ಯಾಪನ್ನೇ (ತಂಡದ ಒಟ್ಟು ಸಂಬಳದ ಮಿತಿ) ಇಟ್ಟುಕೊಂಡಿದ್ದೇವೆ, 154.6 ಮಿಲಿಯನ್ ಡಾಲರ್. ಹತ್ತು ವರ್ಷ ಆಡಿದವನಿಗೆ ಮ್ಯಾಕ್ಸ್ ಅಂದರೆ ಅದರ 35 ಪರ್ಸೆಂಟ್, ಸುಮಾರು 54.1 ಮಿಲಿಯನ್. ವರ್ಷಕ್ಕೆ 8 ಪರ್ಸೆಂಟ್ ಏರಿಕೆ ಹಾಕಿದರೆ ಮೂರನೇ ವರ್ಷ 62.8 ಆಗುತ್ತದೆ. ಕಾಲಿನ ಕಸುವು ಇಳಿಯುತ್ತಾ ಹೋದ ಹಾಗೆ ಸಂಬಳ ಏರುತ್ತಾ ಹೋಗುತ್ತದೆ.

ಎಲ್ಲರೂ ಲೇಕರ್ಸ್ ತಂಡದ ಕೋಬಿ ಬ್ರಯಂಟ್ ಹೆಸರು ಎತ್ತಿದ್ದೀರಿ, ಅದನ್ನೇ ನೋಡೋಣ. 2013ರ ಏಪ್ರಿಲ್‌ನಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧ ಆಡುವಾಗ ಅವರ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು. ನವೆಂಬರ್‌ನಲ್ಲಿ ಲೇಕರ್ಸ್ ಎರಡು ವರ್ಷಕ್ಕೆ 48.5 ಮಿಲಿಯನ್ ಕೊಟ್ಟಿತು. ನಿಮ್ಮ ಮಾತಿಗೆ ಒಂದು ತಿದ್ದುಪಡಿ: ಅದು ಮ್ಯಾಕ್ಸ್ ಅಲ್ಲ. ಆಗ ಅವರ ಸಂಬಳ 30 ಮಿಲಿಯನ್ ದಾಟಿತ್ತು, ಇದು ಅದಕ್ಕಿಂತ ಕಡಿಮೆ. ಆದರೂ ಹೊಸ ಕಾಂಟ್ರ್ಯಾಕ್ಟ್‌ನ ಮೊದಲ ವರ್ಷದ 63 ಮಿಲಿಯನ್ ಕ್ಯಾಪ್‌ನಲ್ಲಿ ಅವರ 23.5 ಅಂದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ.

ನನಗೆ ಮೊತ್ತಕ್ಕಿಂತ ಆ ಅವಸರವೇ ಅರ್ಥವಾಗುವುದಿಲ್ಲ. ಗಾಯದ ನಂತರ ಕೋಬಿ ಒಂದು ಪಂದ್ಯವನ್ನೂ ಆಡಿರಲಿಲ್ಲ. ಹಳೇ ಕಾಂಟ್ರ್ಯಾಕ್ಟ್ ಮುಗಿಯಲು ಹೆಚ್ಚೂಕಡಿಮೆ ಇಡೀ ಸೀಸನ್ ಬಾಕಿ ಇತ್ತು. ಡಿಸೆಂಬರ್‌ನಲ್ಲಿ ಮರಳಿ ಬಂದವರು ಆರು ಪಂದ್ಯಕ್ಕೇ ಮಂಡಿ ಮೂಳೆ ಮುರಿದುಕೊಂಡರು. ಲೇಕರ್ಸ್ ನಾಲ್ಕು ವಾರ ಕಾದಿದ್ದರೂ ಸಾಕಿತ್ತು. ಮುಂದಿನ ವರ್ಷ ಭುಜ ಹೋಗಿ 35 ಪಂದ್ಯಕ್ಕೆ ನಿಂತಿತು. ಕೊನೆಯ ವರ್ಷ 66 ಆಡಿದರು, ಶೂಟಿಂಗ್ 35.8 ಪರ್ಸೆಂಟ್, ತಂಡ ಗೆದ್ದದ್ದು 82ರಲ್ಲಿ 17.

ಹಾಗಂತ ಕೊನೆಯ ಪಂದ್ಯ ಮರೆಯೋಕಾಗಲ್ಲ. ನಮ್ಮಲ್ಲಿ 2016ರ ಏಪ್ರಿಲ್ 14, ಬೆಳಿಗ್ಗೆ ಎಂಟು ಗಂಟೆ. ಅಂಬೇಡ್ಕರ್ ಜಯಂತಿ ರಜೆ, ಆಫೀಸಿಗೆ ಸುಳ್ಳು ಹೇಳುವ ಕಷ್ಟವಿರಲಿಲ್ಲ. 50 ಶಾಟ್ ಎಸೆದು 60 ಅಂಕ! ಕಾಫಿ ಆರಿ ತಣ್ಣಗಾಗಿತ್ತು. ಟಿಕೆಟ್, ಟಿವಿ, ಜೆರ್ಸಿ ಮಾರುವ ನಿಜವಾದ ಕ್ಲಬ್‌ಗೆ ಅದಕ್ಕೂ ಬೆಲೆ ಇದೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಜೆರ್ಸಿ ಮಾರಾಟದ ಕಾಲಮ್ ಇಲ್ಲ, ಅಲ್ವಾ?

ಇನ್ನೂ ಹತ್ತಿರದ ಉದಾಹರಣೆ ಡೇಮಿಯನ್ ಲಿಲ್ಲಾರ್ಡ್. 2022ರಲ್ಲಿ ಅವರ ತಂಡ ಪೋರ್ಟ್‌ಲ್ಯಾಂಡ್ ಅವರಿಗೆ ಎರಡು ವರ್ಷದ ಎಕ್ಸ್‌ಟೆನ್ಶನ್ (ಹಳೇ ಕಾಂಟ್ರ್ಯಾಕ್ಟ್‌ನ ಮುಂದುವರಿಕೆ) ಕೊಟ್ಟಿತು, ಸುಮಾರು 122 ಮಿಲಿಯನ್. ಅದು ಶುರುವಾಗಬೇಕಿದ್ದದ್ದು 2025ರಲ್ಲಿ. ಸಹಿ ಹಾಕಿದ ನಂತರದ ಸೀಸನ್‌ನಲ್ಲಿ ಅವರು ಪಂದ್ಯಕ್ಕೆ 32.2 ಅಂಕ ಹೊಡೆದರು, ಯಾರೂ ತಪ್ಪು ಅನ್ನಲಿಲ್ಲ. 2023ರಲ್ಲಿ ಮಿಲ್ವಾಕಿ ತಂಡಕ್ಕೆ ಹೋದರು. 2025ರ ಏಪ್ರಿಲ್‌ನಲ್ಲಿ ಪ್ಲೇಆಫ್ ಆಡುವಾಗ ಅವರಿಗೂ ಅಕಿಲಿಸ್ ಹರಿಯಿತು. ಜುಲೈನಲ್ಲಿ ಮಿಲ್ವಾಕಿ ಅವರನ್ನು ಬಿಟ್ಟು, ಉಳಿದ ಸುಮಾರು 113 ಮಿಲಿಯನ್ನನ್ನು ಐದು ವರ್ಷಕ್ಕೆ ಹರಡಿತು. ತಂಡದಲ್ಲಿ ಇಲ್ಲದವನ ಲೆಕ್ಕಕ್ಕೆ ವರ್ಷಕ್ಕೆ 22.5 ಮಿಲಿಯನ್! ಹೀಗೆ ಹರಡುವುದೇ ಸ್ಟ್ರೆಚ್. ಉಳಿದ ವರ್ಷದ ಎರಡರಷ್ಟು ಮತ್ತು ಇನ್ನೊಂದು ವರ್ಷ, ಅದೇ ಸೂತ್ರ. ನಮ್ಮ ಲೀಗ್‌ನಲ್ಲೂ ಇದೆ, ನಾನೇ ಒಮ್ಮೆ ಸಿಕ್ಕಿಹಾಕಿಕೊಂಡಿದ್ದೇನೆ, ಬೇಡ ಬಿಡಿ.

"ಬಿಟ್ಟುಬಿಡಿ" ಅನ್ನುವವರು ಮರೆಯುವ ಮಾತೊಂದಿದೆ. ಸ್ವಂತ ಆಟಗಾರನಿಗೆ ಕ್ಯಾಪ್ ದಾಟಿಯೂ ಸಂಬಳ ಕೊಡಬಹುದು, ಅದೇ ಬರ್ಡ್ ಹಕ್ಕು. ನಿಮ್ಮ ತಂಡದ ಉಳಿದವರ ಸಂಬಳವೇ ಕ್ಯಾಪ್ ಮುಟ್ಟಿದ್ದರೆ, ಅವನನ್ನು ಕಳಿಸಿದರೂ ಆ 54 ಮಿಲಿಯನ್ ನಿಮ್ಮ ಕೈಗೆ ಬರುವುದಿಲ್ಲ. ಹುಲಿಯೂ ಹೋಯಿತು, ದುಡ್ಡೂ ಹೋಯಿತು. ಹಾಗಾಗಿ ಮೊದಲು ಅವನ ಹೆಸರು ಅಳಿಸಿ ಮೊತ್ತ ನೋಡಿ. ಜಾಗ ಉಳಿಯುತ್ತದೆ ಅಂದರೆ ಮಾತ್ರ ಕಳಿಸುವ ಯೋಚನೆ.

ಜಾಗ ಉಳಿದರೂ ಅದು ತಾನಾಗಿ ಆಟ ಗೆಲ್ಲಿಸಲ್ಲ. ಟಿಮ್ ಡಂಕನ್ 2012ರಲ್ಲಿ 36ನೇ ವಯಸ್ಸಿಗೆ ಮೂರು ವರ್ಷಕ್ಕೆ ಸುಮಾರು 30 ಮಿಲಿಯನ್‌ಗೆ ಒಪ್ಪಿದರು. ಹಿಂದಿನ ಒಂದೇ ವರ್ಷಕ್ಕೆ ಅವರಿಗೆ 21 ಸಿಗುತ್ತಿತ್ತು. ಅವರ ತಂಡ ಸ್ಯಾನ್ ಆಂಟೋನಿಯೊ 2014ರಲ್ಲಿ ಚಾಂಪಿಯನ್. ಅದೇ 2014ರಲ್ಲಿ ಡಿರ್ಕ್ ನೊವಿಟ್ಸ್ಕಿ ಇನ್ನೂ ಕಡಿಮೆಗೆ, ಮೂರು ವರ್ಷಕ್ಕೆ 25ಕ್ಕೆ ಒಪ್ಪಿದರು. ಅವರ ತಂಡ ಡಲ್ಲಾಸ್ ಆ ಬೇಸಿಗೆಯಲ್ಲಿ ಚಾಂಡ್ಲರ್ ಪಾರ್ಸನ್ಸ್‌ಗೆ ಸುಮಾರು 46 ಕೊಟ್ಟಿತು. ಪಾರ್ಸನ್ಸ್ ಮಂಡಿ ಕೈಕೊಟ್ಟಿತು, ಡಿರ್ಕ್‌ನ ಆ ಮೂರು ವರ್ಷದಲ್ಲಿ ತಂಡ ಒಂದು ಪ್ಲೇಆಫ್ ಸರಣಿಯನ್ನೂ ಗೆಲ್ಲಲಿಲ್ಲ. ಡಿರ್ಕ್ ಬಿಟ್ಟುಕೊಟ್ಟ ದುಡ್ಡು ನೀರಿನಲ್ಲಿ ಹೋಮ.

ಇನ್ನು ನಿಮ್ಮ ಆಟಗಾರ ಎಂಥವನು ಅನ್ನುವುದು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡಿ. ಒಟ್ಟು ಅಂಕ ಬಿಡಿ, ಅದು ಮೋಸ ಮಾಡುತ್ತದೆ. ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ತಡೆಯಿಲ್ಲದ ಎಸೆತ) ಎಷ್ಟು ಸಿಗುತ್ತಿವೆ? ಅವು ಕುಸಿದಿದ್ದರೆ ರಿಂಗ್ ಹತ್ತಿರ ನುಗ್ಗುವ ಶಕ್ತಿ ಹೋಗಿದೆ ಅಂತ ಅರ್ಥ. ಡಿಫೆನ್ಸ್‌ನಲ್ಲಿ ಎದುರಾಳಿಗಳು ಅವನನ್ನೇ ಹುಡುಕಿ ಆಡುತ್ತಿದ್ದಾರಾ? ಓಟ, ನೆಗೆತ ನಂಬಿದವನು ಬೇಗ ಇಳಿಯುತ್ತಾನೆ. ಶೂಟಿಂಗ್, ಪಾಸ್, ಎತ್ತರ ನಂಬಿದವನು ನಿಧಾನಕ್ಕೆ. ಕ್ರಿಸ್ ಪಾಲ್‌ಗೆ 2018ರಲ್ಲಿ 33ನೇ ವಯಸ್ಸಿಗೆ ಹ್ಯೂಸ್ಟನ್ ಸುಮಾರು 160 ಮಿಲಿಯನ್ ಕೊಟ್ಟಾಗ ಎಲ್ಲರೂ ನಕ್ಕರು. ಅದೇ ಕಾಂಟ್ರ್ಯಾಕ್ಟ್‌ನಲ್ಲಿ ಅವರು 2021ರಲ್ಲಿ ಫೀನಿಕ್ಸ್ ತಂಡವನ್ನು ಫೈನಲ್‌ಗೆ ಕರೆದೊಯ್ದರು. ಹ್ಯೂಸ್ಟನ್ ಮಾತ್ರ ಒಂದೇ ವರ್ಷಕ್ಕೆ ಹೆದರಿ, ಡ್ರಾಫ್ಟ್ ಪಿಕ್‌ಗಳನ್ನೂ (ಹೊಸ ಆಟಗಾರರನ್ನು ಆರಿಸುವ ಸರದಿ) ಸೇರಿಸಿ ಬೇರೆ ತಂಡಕ್ಕೆ ಕಳಿಸಿಬಿಟ್ಟಿತ್ತು.

ನಾನಾದರೆ ಹೀಗೆ ಮಾಡುತ್ತೇನೆ. ಕ್ಯಾಪ್‌ನಲ್ಲಿ ಜಾಗ ಉಳಿಯದಿದ್ದರೆ ಒಂದು ವರ್ಷಕ್ಕೆ ಕೈತುಂಬ ಕೊಡುತ್ತೇನೆ, ಬೇಕಾದರೆ ಪೂರ್ತಿ 54. ಎರಡನೇ ವರ್ಷ ಟೀಮ್ ಆಪ್ಶನ್, ಅಂದರೆ ಇಟ್ಟುಕೊಳ್ಳುವುದು ಬಿಡುವುದು ತಂಡದ ಇಷ್ಟ. ಆ ಆಯ್ಕೆಯನ್ನು ಆಟಗಾರನ ಕೈಗೆ ಕೊಡುವ ಪ್ಲೇಯರ್ ಆಪ್ಶನ್ ಮಾತ್ರ ಬೇಡವೇ ಬೇಡ. ಚೆನ್ನಾಗಿ ಆಡಿದರೆ ಅವನು ಹೊಸ ಕಾಂಟ್ರ್ಯಾಕ್ಟ್ ಕೇಳುತ್ತಾನೆ, ಬಿದ್ದರೆ ನಿಮ್ಮ ತಲೆ ಮೇಲೇ ಕೂರುತ್ತಾನೆ. ಸೀಸನ್ ಮಧ್ಯದಲ್ಲಿ ಎಕ್ಸ್‌ಟೆನ್ಶನ್ ಮಾತು ಎತ್ತಲೇಬೇಡಿ. ಕಾಂಟ್ರ್ಯಾಕ್ಟ್ ಮುಗಿಯುವ ಜುಲೈವರೆಗೆ ಕಾಯಿರಿ. 36ರ ಆಟಗಾರನಿಗೆ ಬೇರೆ ಯಾರೂ ಮೂರು ವರ್ಷದ ಮ್ಯಾಕ್ಸ್ ಕೊಡುವವರಿಲ್ಲದಿದ್ದರೆ ನಿಮಗೆ ನೀವೇ ಹರಾಜು ಕೂಗುವುದು ಯಾಕೆ?

ನಿಮ್ಮ ಶೀಟ್ ಹಾಕಿ. ಅವನ ಹೆಸರು ತೆಗೆದ ಒಟ್ಟು ಮೊತ್ತ, ಹೋದ ಮೂರು ಸೀಸನ್‌ನ ಪಂದ್ಯ ಮತ್ತು ಫ್ರೀ ಥ್ರೋ, ಇಷ್ಟು ಸಾಕು. ಭಾನುವಾರ ಕೂತು ನೋಡುತ್ತೇನೆ.