ಬಗ್ಸ್ ಬನ್ನಿ, ಡ್ಯಾಫಿ ಡಕ್ ‘ಮೊಲದ ಸೀಸನ್, ಬಾತುಕೋಳಿ ಸೀಸನ್’ ಅಂತ ಜಗಳ ಆಡುವ ಕಾರ್ಟೂನ್ ಯಾವುದು?

ಅದು ‘ರ‍್ಯಾಬಿಟ್ ಫೈರ್’. 1951ರಲ್ಲಿ ವಾರ್ನರ್ ಬ್ರದರ್ಸ್ ಚಿತ್ರಮಂದಿರಗಳಿಗೆಂದೇ ಬಿಟ್ಟ ಕಿರುಚಿತ್ರ. ಟಿವಿಗೆ ಬಂದದ್ದು ಆಮೇಲೆ. ನಿರ್ದೇಶಕ ಚಕ್ ಜೋನ್ಸ್, ಕಥೆ ಮೈಕೆಲ್ ಮಾಲ್ಟೀಸ್.

ಬೇಟೆಗಾರ ಎಲ್ಮರ್‌ನ ಬಂದೂಕನ್ನು ಮೊಲ ಬಗ್ಸ್, ಬಾತುಕೋಳಿ ಡ್ಯಾಫಿ ಇಬ್ಬರೂ ಒಬ್ಬರ ಕಡೆಗೊಬ್ಬರು ತಳ್ಳುತ್ತಾ, ಈಗ ಯಾರ ಬೇಟೆಯ ಸೀಸನ್ ಅಂತ ವಾದಕ್ಕಿಳಿಯುತ್ತಾರೆ. ನಡುವೆ ಬಗ್ಸ್ ಸದ್ದಿಲ್ಲದೆ ಡ್ಯಾಫಿಯ ಮಾತನ್ನೇ ಹೇಳಿಬಿಡುತ್ತಾನೆ: ‘ಮೊಲದ ಸೀಸನ್.’ ಹಠಮಾರಿ ಡ್ಯಾಫಿ ಯೋಚಿಸುವುದೇ ಇಲ್ಲ. ‘ಬಾತುಕೋಳಿ ಸೀಸನ್! ಹೊಡಿ!’ ಢಮಾರ್! ಕೊಕ್ಕು ಪಕ್ಕಕ್ಕೆ ತಿರುಗಿರುತ್ತದೆ. ಎದುರಾಳಿಯನ್ನು ಸೋಲಿಸುವ ಹುಚ್ಚಲ್ಲಿ ತನಗೇ ಗುಂಡು ಹಾರಿಸಿಕೊಳ್ಳುವುದು ಡ್ಯಾಫಿಗೆ ಮಾತ್ರ ಸಾಧ್ಯ, ಅಲ್ವಾ?

ಇನ್ನೊಂದು ಮಜಾ ಅಂದ್ರೆ, ಇಬ್ಬರ ದನಿಯೂ ಒಬ್ಬರದೇ: ಮೆಲ್ ಬ್ಲಾಂಕ್. ಇದೇ ಜಗಳ 1952ರ ‘ರ‍್ಯಾಬಿಟ್ ಸೀಸನಿಂಗ್’ ಮತ್ತು 1953ರ ‘ಡಕ್! ರ‍್ಯಾಬಿಟ್, ಡಕ್!’ನಲ್ಲೂ ಮುಂದುವರಿಯುತ್ತದೆ. ‘ರ‍್ಯಾಬಿಟ್ ಸೀಸನಿಂಗ್’ನಲ್ಲಿ ಮಾತಿನ ವರಸೆ ಇನ್ನೂ ಜಾಸ್ತಿ.