ಎಣ್ಣೆಯಿಲ್ಲದ ಹಿಟ್ಟಿನ ಕಾಣಿಕೆ

ಪ್ರಿಯ ಸಹೋದರಿಯವರೇ,

ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಬಲಿ-ಕಾಣಿಕೆಗಳ ನಿಯಮಗಳನ್ನು ಹೇಳುವ ಯಾಜಕಕಾಂಡವನ್ನು ಓದಲು ತೊಡಗಿ ನಾಲ್ಕನೆಯ ಅಧ್ಯಾಯದ ಕೊನೆಗೆ ಪುಸ್ತಕ ಮುಚ್ಚಿಟ್ಟೆನೆಂದೂ, ರಕ್ತ, ಕೊಬ್ಬು, ಬೂದಿಗಳ ಈ ಆರಾಧನೆಯಲ್ಲಿ ಕುರಿಮರಿ ಕೊಳ್ಳಲಾಗದ ಬಡವನಿಗೆ ಜಾಗವೆಲ್ಲಿತ್ತೆಂದೂ ಕೇಳಿದ್ದೀರಿ. ಚಿಕ್ಕಂದಿನಲ್ಲಿ ಮನೆಯ ಸಂಜೆ ಪ್ರಾರ್ಥನೆಯಲ್ಲಿ ಆ ಕಾಂಡದ ಸರದಿ ಬಂದಾಗ ನನಗೂ ಬೇಸರವಾಗುತ್ತಿತ್ತು. ದಯವಿಟ್ಟು ಇನ್ನೊಂದು ಪುಟ ಮುಂದಕ್ಕೆ ಓದಿ.

ಐದನೆಯ ಅಧ್ಯಾಯದಲ್ಲಿ ಬರುವವರು ಸಾಕ್ಷಿ ಹೇಳಬೇಕಾದಲ್ಲಿ ಸುಮ್ಮನಿದ್ದವರು, ಯೋಚಿಸದೆ ಆಣೆಯಿಟ್ಟವರು; ಅಂದರೆ ನಮ್ಮಂಥವರೇ. ಅಂಥವನು ಮೊದಲು ತನ್ನ ತಪ್ಪನ್ನು ಒಪ್ಪಿಕೊಳ್ಳಬೇಕು, ಆಮೇಲೆ ಹೆಣ್ಣು ಕುರಿಯನ್ನೋ ಆಡನ್ನೋ ತರಬೇಕು. ಅದಕ್ಕೆ ಗತಿಯಿಲ್ಲದಿದ್ದರೆ ಎರಡು ಬೆಳವಕ್ಕಿ ಇಲ್ಲವೆ ಎರಡು ಪಾರಿವಾಳದ ಮರಿ ಸಾಕು. ಅದಕ್ಕೂ ಗತಿಯಿಲ್ಲದಿದ್ದರೆ ಏಫಾ ಅಳತೆಯ ಹತ್ತನೆಯ ಒಂದು ಪಾಲು, ಸುಮಾರು ಎರಡು ಲೀಟರಿನ ಪಾತ್ರೆ ತುಂಬುವಷ್ಟು, ಗೋದಿಹಿಟ್ಟು. ಎರಡನೆಯ ಅಧ್ಯಾಯದ ಧಾನ್ಯನೈವೇದ್ಯಕ್ಕೆ ಎಣ್ಣೆಯೂ ಧೂಪವೂ ಬೇಕು. ಈ ಹಿಟ್ಟಿಗೆ ಅವೆರಡನ್ನೂ ಹಾಕಕೂಡದು. ಇದು ದೋಷಪರಿಹಾರಕ್ಕಾದದ್ದು ಎಂಬುದೇ ಗ್ರಂಥ ಕೊಡುವ ಕಾರಣ. ಆದರೂ ದೂರದ ಅರೇಬಿಯದಿಂದ ಬರುತ್ತಿದ್ದ ದುಬಾರಿ ಧೂಪವನ್ನು ಕೊಳ್ಳಲಾಗದವನ ಮುಖವನ್ನು ನೆನೆಯದೆ ಆ ವಾಕ್ಯವನ್ನು ಓದಲು ನನ್ನಿಂದಾಗುವುದಿಲ್ಲ. ಯಾಜಕನು ಅದರಿಂದ ಒಂದು ಹಿಡಿ ತೆಗೆದು ಉಳಿದವರ ಹೋಮದ್ರವ್ಯಗಳು ಉರಿಯುವ ಅದೇ ವೇದಿಯ ಮೇಲೆ ಸುಡುತ್ತಾನೆ. ಕಾಣಿಕೆ ತಂದವನಿಗೆ ಕ್ಷಮೆಯಾಗುವುದೆಂಬ ಮಾತು, ನಾಲ್ಕನೆಯ ಅಧ್ಯಾಯದಲ್ಲಿ ಅಧಿಪತಿ ತಂದ ಹೋತಕ್ಕೆ ಹೇಳಿದ ಮಾತೇ, ಇಲ್ಲಿಯೂ ಬರುತ್ತದೆ.

ಹೆತ್ತ ತಾಯಂದಿರಿಗೆ ಹನ್ನೆರಡನೆಯ ಅಧ್ಯಾಯದಲ್ಲಿ ಇಂಥದೇ ರಿಯಾಯಿತಿಯಿದೆ. ಯೇಸುವಿನ ತಾಯಿ ಮರಿಯಳು ಯೆರೂಸಲೇಮಿನಲ್ಲಿ ಅರ್ಪಿಸಿದ್ದು ಆ ಹಕ್ಕಿಗಳನ್ನೇ ಎಂದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಿಂದ ತಿಳಿಯುತ್ತದೆ.

ರಕ್ತವಿಲ್ಲದೆ ಪರಿಹಾರವಿಲ್ಲವೆಂಬ ಹೊಸ ಒಡಂಬಡಿಕೆಯ ಇಬ್ರಿಯರ ಪತ್ರಿಕೆಯ ಮಾತನ್ನು ನೀವು ಎತ್ತಿದ್ದೀರಿ. ಅದೇ ವಚನದ ಮೊದಲ ಭಾಗ, ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಬಹುಮಟ್ಟಿಗೆ ಎಲ್ಲವೂ ರಕ್ತದಿಂದ ಶುದ್ಧವಾಗುವುದೆಂದು ಎಚ್ಚರದಿಂದ ಹೇಳುತ್ತದೆ. ಆ ‘ಬಹುಮಟ್ಟಿಗೆ’ ಎಂಬಲ್ಲಿ ಈ ಹಿಡಿ ಹಿಟ್ಟಿಗೆ ಎಡೆಯಿದೆ ಎಂದು ನಾನು ನಂಬಿದ್ದೇನೆ.

ನೀವು ಕೇಳಿದ ಬೂದಿಯ ವಿಷಯ ಯಾಜಕಕಾಂಡದ ಆರನೆಯ ಅಧ್ಯಾಯದಲ್ಲಿದೆ. ಬಲಿಯನ್ನು ಪೂರ್ತಿಯಾಗಿ ಸುಡುವ, ರಾತ್ರಿಯೆಲ್ಲ ಉರಿದ ಸರ್ವಾಂಗಹೋಮದ ಬೂದಿಯನ್ನು ಯಾಜಕನು ನಾರಿನ ಬಟ್ಟೆ ಧರಿಸಿ ತಾನೇ ತೆಗೆಯಬೇಕು; ಬಳಿಕ ಬಟ್ಟೆ ಬದಲಿಸಿ ಪಾಳೆಯದ ಆಚೆಗೆ, ಅದೂ ಶುದ್ಧವಾದ ಸ್ಥಳಕ್ಕೆ, ಹೊತ್ತೊಯ್ಯಬೇಕು. ಪ್ರತಿ ಮುಂಜಾನೆ ವೇದಿಗೆ ಹೊಸ ಕಟ್ಟಿಗೆ ಹಾಕುವ ಕೆಲಸವೂ ಅವನದೇ.

ಸಂಪಾದಕ